ಲೆಕ್ಕ ಕೇಳಿದ ಮಾಸ್ತರರು

ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮ ರಾಜ್ಯದ ಗಡಿಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಕಾಗಲ ಎಂಬ ಊರು ಬರುತ್ತದೆ. ನನ್ನ ಅಣ್ಣ ಅಲ್ಲಿಯ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ದುಡಿಯುತ್ತಾನೆ. ಹತ್ತನೆಯ ತರಗತಿ ಮುಗಿದೊಡನೆ ಅವನು ಶಾಲೆ ಬಿಟ್ಟ. ಇಬ್ಬರನ್ನು ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ತಿಂಗಳ ಮೊದಲ ವಾರದಲ್ಲಿ ಅವನು ಕಳಿಸುವ ಹಣದಿಂದಲೇ ನಾನು ಈ ಕಾಲೇಜಿನಲ್ಲಿ ಮೂರು ವರ್ಷ ಕಳೆದಿದ್ದೇನೆ. ಹಣ ತರುವುದಕ್ಕೋ ಅವನನ್ನು ಕಂಡು ಬರುವುದಕ್ಕೋ ಆ ಊರಿಗೆ ಎಷ್ಟೋ ಸಲ ಹೋಗಿದ್ದೆ. ಆದರೆ ಅದೇ ಊರಿನಲ್ಲಿ ನೂರೈವತ್ತು ವರ್ಷಗಳ ಹಿಂದೆ ಗೋಪಾಲನೆಂಬ ಒಬ್ಬ ಹುಡುಗ ಬೆಳೆದನೆಂದೂ, ಅವನನ್ನೂ ಅವನ ಅಣ್ಣನೇ ಓದಿಸಿದನೆಂದೂ ನನಗೆ ತಿಳಿದದ್ದು ಕಳೆದ ವರ್ಷ, ನಮ್ಮ ಅರ್ಥಶಾಸ್ತ್ರದ ಗುರುಗಳು ಗ್ರಂಥಾಲಯದ ಬೀರುವಿನಿಂದ ಒಂದು ಹಳೆಯ ಪುಸ್ತಕವನ್ನು ತೆಗೆದುಕೊಟ್ಟಾಗ. ಅದು ಗೋಪಾಲ ಕೃಷ್ಣ ಗೋಖಲೆಯವರ ಭಾಷಣಗಳ ಸಂಪುಟ.

ಗೋಖಲೆಯವರು ಗಾಂಧೀಜಿಯವರ ರಾಜಕೀಯ ಗುರುಗಳೆಂಬುದನ್ನು ನಾವೆಲ್ಲರೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಸೌಮ್ಯವಾದಿಗಳು ಎಂಬ ಒಂದು ಪದದಲ್ಲಿ ಅವರ ಕಥೆಯನ್ನು ಮುಗಿಸಿಬಿಡುತ್ತೇವೆ. ಆ ಸಂಪುಟದ ಅರ್ಧ ಭಾಗ ಬರೀ ಲೆಕ್ಕದ್ದು ಎಂಬುದನ್ನು ಕಂಡು ಮೊದಲು ನನಗೆ ಬೇಸರವೇ ಆಯಿತು. ಉಪ್ಪಿನ ಕರ, ಸೇನೆಯ ಖರ್ಚು, ರೂಪಾಯಿಯ ದರ, ಉಳಿತಾಯ. ಆದರೂ ಬಿಡದೆ ಓದಿದೆ. ಸರಕಾರದ ಹಣವನ್ನು ಯಾರು ಯಾರನ್ನು ಕೇಳಿ ಖರ್ಚು ಮಾಡಬೇಕು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಒಬ್ಬ ಮನುಷ್ಯ ಹದಿನೆಂಟು ವರ್ಷ ಹೋರಾಡಿದ ಕಥೆ ಅದರಲ್ಲಿತ್ತು. ಅದನ್ನೇ ಇಲ್ಲಿ ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ಗೋಖಲೆಯವರು 1866ನೆಯ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಕಾಗಲ ಸಂಸ್ಥಾನದಲ್ಲಿ ಸಣ್ಣ ನೌಕರಿಯಲ್ಲಿದ್ದರು. ಗೋಪಾಲನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಓದು ನಿಲ್ಲಿಸಿ ತಿಂಗಳಿಗೆ 15 ರೂಪಾಯಿ ಸಂಬಳದ ನೌಕರಿಗೆ ಸೇರಿದರು. ಅದರಲ್ಲಿ 8 ರೂಪಾಯಿ ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಹೋಗುತ್ತಿತ್ತು. ಉಳಿದ 7 ರೂಪಾಯಿಯಲ್ಲಿ ಇಡೀ ಸಂಸಾರ ನಡೆಯಬೇಕು. ಹುಡುಗ ಎಣ್ಣೆ ಬತ್ತಿಯ ಖರ್ಚಿಗೂ ಹಿಂದುಮುಂದು ನೋಡುತ್ತಿದ್ದನಂತೆ. ಲೆಕ್ಕದ ಮನೆಗೆಲಸದಲ್ಲಿ ಬೇರೆಯವರ ಸಹಾಯ ಪಡೆದದ್ದಕ್ಕೆ ಬಹುಮಾನ ಬೇಡವೆಂದು ಅತ್ತನೆಂಬ ಕಥೆಯನ್ನು ವಾಚಕರು ಪ್ರಾಥಮಿಕ ಶಾಲೆಯಲ್ಲಿಯೇ ಓದಿರುತ್ತಾರೆ. ಅದನ್ನು ಮತ್ತೆ ಹೇಳುವುದಿಲ್ಲ. ನನಗೆ ಆ ಕಥೆಗಿಂತ ಎಂಟು ಮತ್ತು ಏಳರ ಆ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಒಂದು ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಭಾಗ ಒಬ್ಬ ಹುಡುಗನ ಓದಿಗೆ ಹೋಗುತ್ತಿದ್ದರೆ ಆ ಹುಡುಗನಿಗೆ ಜನ್ಮವಿಡೀ ಒಂದು ಕಾಸೂ ಹಗುರವಾಗಿ ಕಾಣಲಾರದು.

1884ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಅವರು ಪದವೀಧರರಾದರು. ಸರಕಾರಿ ನೌಕರಿಗೆ ಹೋಗಿದ್ದರೆ ಮನೆಯ ಬಡತನ ಒಂದೇ ವರ್ಷದಲ್ಲಿ ಹರಿಯುತ್ತಿತ್ತು. ಆದರೆ ಅವರು ಪುಣೆಯ ಡೆಕ್ಕನ್ ಶಿಕ್ಷಣ ಸಂಸ್ಥೆಗೆ ಸೇರಿ, ಅಲ್ಪ ವೇತನಕ್ಕೆ ಬಹುಕಾಲ ಕಲಿಸುವ ಪಣ ತೊಟ್ಟು, ಫರ್ಗ್ಯುಸನ್ ಕಾಲೇಜಿನಲ್ಲಿ ಮಾಸ್ತರರಾದರು. ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಯಾವ ವಿಷಯಕ್ಕೆ ಆಳಿಲ್ಲವೋ ಅದನ್ನು ಅವರೇ ಕಲಿಸುತ್ತಿದ್ದರು. ಶಾಲೆಗಳಿಗಾಗಿ ಅವರು ಸಿದ್ಧಪಡಿಸಿದ ಅಂಕಗಣಿತದ ಪುಸ್ತಕ ಬಹಳ ಪ್ರಚಾರಕ್ಕೆ ಬಂತು. ಗೋವಿಂದರಾಯರು ಈ ನಿರ್ಧಾರವನ್ನು ಹೇಗೆ ಸಹಿಸಿದರೋ ಎಂದು ನಾನು ಆಗಾಗ ಯೋಚಿಸುತ್ತೇನೆ. ನನ್ನ ಅಣ್ಣನಿಗೆ ಈ ಮಾತು ಹೇಳಿದಾಗ ಅವನು ನಕ್ಕು ಸುಮ್ಮನಾದ.

ಪುಣೆಯಲ್ಲಿ ಗೋಖಲೆಯವರಿಗೆ ಮಹಾದೇವ ಗೋವಿಂದ ರಾನಡೆಯವರು ಗುರುಗಳಾಗಿ ದೊರೆತರು. ರಾನಡೆಯವರು ನ್ಯಾಯಾಧೀಶರು, ಅವರ ಪಾಠ ಬಹಳ ಕಠಿಣವಾದದ್ದು. ಸರಕಾರದ ವರದಿಗಳನ್ನು ಗಂಟುಗಂಟಾಗಿ ಕೊಟ್ಟು ಓದಿಸುವರು, ಅರ್ಜಿ ಬರೆಸುವರು, ಬರೆದದ್ದನ್ನು ತಿದ್ದಿ ಮತ್ತೆ ಬರೆಸುವರು. ಸರಕಾರಿ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಗಣೇಶ ವ್ಯಂಕಟೇಶ ಜೋಶಿ ಎಂಬ ಇನ್ನೊಬ್ಬರ ನೆರವೂ ದೊರೆಯಿತು. ಅಂಕಿಸಂಖ್ಯೆಗಳಲ್ಲಿ ಜೋಶಿಯವರನ್ನು ಮೀರಿಸುವವರು ಆಗ ಪುಣೆಯಲ್ಲಿರಲಿಲ್ಲ. ಮುಂದೆ ಕಲಕತ್ತೆಯಲ್ಲಿ ಗೋಖಲೆಯವರ ಬಾಯಿಂದ ಬಂದ ಎಷ್ಟೋ ಅಂಕಿಗಳ ಹಿಂದೆ ಈ ಹೆಸರಿಲ್ಲದ ಮಾಸ್ತರರ ರಾತ್ರಿಗಳಿದ್ದವು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಬರುವುದಿಲ್ಲ, ಬರಬೇಕಾಗಿತ್ತು.

1897ರಲ್ಲಿ ಮೊದಲ ಪರೀಕ್ಷೆ ಬಂತು. ಭಾರತದ ಖರ್ಚುವೆಚ್ಚವನ್ನು ವಿಚಾರಿಸಲು ಬ್ರಿಟಿಷ್ ಸರಕಾರ ಲಾರ್ಡ್ ವೆಲ್ಬಿಯವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತ್ತು. ದಾದಾಭಾಯಿ ನವರೋಜಿಯವರು ಅದರ ಸದಸ್ಯರಲ್ಲಿ ಒಬ್ಬರು. ಸಾಕ್ಷಿ ಹೇಳಲು ದಿನ್‌ಷಾ ವಾಚಾ, ಸುರೇಂದ್ರನಾಥ ಬ್ಯಾನರ್ಜಿ, ಜಿ. ಸುಬ್ರಹ್ಮಣ್ಯ ಅಯ್ಯರ್ ಇವರೊಂದಿಗೆ ಮೂವತ್ತು ತುಂಬಿದ ಗೋಖಲೆಯವರೂ ಲಂಡನ್ನಿಗೆ ಹೋದರು.

ಆಗಿನ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1861ರ ಕಾಯಿದೆಯಂತೆ ವೈಸರಾಯರ ಶಾಸನಸಭೆಗೆ ಮುಂಗಡಪತ್ರದ ವಿಷಯದಲ್ಲಿ ಬಾಯಿಯೇ ಇರಲಿಲ್ಲ. ಹೊಸ ಕರದ ಮಸೂದೆ ಬಂದ ವರ್ಷ ಮಾತ್ರ ಹಣದ ಮಾತು ಎತ್ತಬಹುದಾಗಿತ್ತು. 1892ರ ಕಾಯಿದೆಯಿಂದ ವರ್ಷಕ್ಕೊಮ್ಮೆ ಚರ್ಚಿಸುವ ಅವಕಾಶ ದೊರೆಯಿತು. ಆದರೆ ಠರಾವು ಮಂಡಿಸುವಂತಿಲ್ಲ, ಮತ ಹಾಕುವಂತಿಲ್ಲ, ಒಂದು ಕಾಸನ್ನೂ ಕಡಿತ ಮಾಡುವಂತಿಲ್ಲ. ಮಾರ್ಚ್ ತಿಂಗಳ ಕೊನೆಗೆ, ಎಲ್ಲವೂ ತೀರ್ಮಾನವಾದ ಮೇಲೆ, ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಭಾಷಣ ಮಾಡಿ ಕುಳಿತುಕೊಳ್ಳಬೇಕು. ಲಗ್ನ ಮುಗಿದು ಹಂದರ ಕಿತ್ತ ಮೇಲೆ ಬೀಗರನ್ನು ಕರೆದು ಊಟಕ್ಕೆ ಏನು ಮಾಡಿಸೋಣವೆಂದು ಕೇಳಿದಂತೆ! ಲಂಡನ್ನಿನ ಪಾರ್ಲಿಮೆಂಟಿನಲ್ಲಾದರೂ ಕೇಳುವವರಿದ್ದರೇ ಎಂದರೆ, ಭಾರತದ ಲೆಕ್ಕ ಅಲ್ಲಿ ಅಧಿವೇಶನದ ಕೊನೆಯಲ್ಲಿ ಖಾಲಿ ಬೆಂಚುಗಳ ಮುಂದೆ ಬರುತ್ತಿತ್ತು. ಭಾರತ ಮಂತ್ರಿಯ ಸಂಬಳವನ್ನು ಕೂಡ ಭಾರತದ ಬೊಕ್ಕಸವೇ ಕೊಡುತ್ತಿದ್ದುದರಿಂದ ಆ ಸಂಬಳದ ಮೇಲೆ ಮತ ಹಾಕಿ ಅವನನ್ನು ವಿಚಾರಿಸುವ ದಾರಿಯೂ ಅಲ್ಲಿಯವರಿಗೆ ಇರಲಿಲ್ಲ.

ಗೋಖಲೆಯವರು ಆಯೋಗದ ಮುಂದೆ ಬೇಡಿಕೊಂಡದ್ದು ಇದರ ಸುಧಾರಣೆಯನ್ನೇ. ಮುಂಗಡಪತ್ರವು ಶಾಸನಸಭೆಯಲ್ಲಿ ಬಾಬು ಬಾಬಾಗಿ ಮಂಜೂರಾಗಬೇಕು. ಸದಸ್ಯರಿಗೆ ತಿದ್ದುಪಡಿ ಸೂಚಿಸುವ ಹಕ್ಕು ಬೇಕು. ಅಧಿಕಾರಿಗಳ ಬಹುಮತ ಬೇಕಾದರೆ ಇರಲಿ, ಆದರೆ ಭಾರತೀಯ ಸದಸ್ಯರ ವಿರೋಧ ದಾಖಲಾಗಬೇಕು. ಅದನ್ನು ಪಾರ್ಲಿಮೆಂಟಿನ ಸದಸ್ಯರ ಒಂದು ಸಮಿತಿ ವಿಚಾರಿಸಬೇಕು. ಇಂದು ನೋಡಿದರೆ ಇದು ಎಷ್ಟು ಸಣ್ಣ ಬೇಡಿಕೆ! ಸೋಲು ಖಂಡಿತವೆಂದು ಒಪ್ಪಿಕೊಂಡೇ, ಸೋತದ್ದನ್ನು ಬರೆದಿಡಿ ಎಂದು ಕೇಳಿದಂತೆ. ಅದೂ ದೊರೆಯಲಿಲ್ಲ.

ಅದೇ ವರ್ಷ ಅವರಿಗೆ ಒಂದು ದೊಡ್ಡ ಅಪಮಾನವೂ ಆಯಿತು. ಪುಣೆಯಲ್ಲಿ ಪ್ಲೇಗಿನ ಕಾಲದಲ್ಲಿ ಸೈನಿಕರು ಮಾಡಿದ ಅತ್ಯಾಚಾರಗಳ ಬಗ್ಗೆ ಸ್ನೇಹಿತರಿಂದ ಬಂದ ಪತ್ರಗಳನ್ನು ನಂಬಿ ಅವರು ಲಂಡನ್ನಿನಲ್ಲಿ ಬಹಿರಂಗವಾಗಿ ಹೇಳಿಕೆ ಕೊಟ್ಟರು. ಹಿಂತಿರುಗಿದಾಗ ಸಾಕ್ಷ್ಯ ಒದಗಿಸಲು ಯಾರೂ ಮುಂದೆ ಬರಲಿಲ್ಲ. ಪತ್ರ ಬರೆದವರ ಹೆಸರು ಹೇಳದೆ ಎಲ್ಲ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡು ಅವರು ಕ್ಷಮೆ ಕೇಳಿದರು. ಹೇಡಿತನವೆಂದು ಜನ ಆಡಿಕೊಂಡರು. ನನಗೆ ಹಾಗೆ ತೋರುವುದಿಲ್ಲ. ಸಿದ್ಧಪಡಿಸಲಾಗದ ಮಾತನ್ನು ಆಡಿದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಕಂಡುಂಡವರಾದ್ದರಿಂದಲೇ ಮುಂದೆ ಅವರು ಹೇಳಿದ ಅಂಕಿಗಳನ್ನು ಅಲುಗಿಸಲು ಹಣಕಾಸಿನ ಸದಸ್ಯರಿಗೆ ಸುಲಭವಾಗಲಿಲ್ಲ.

1901ರಲ್ಲಿ ಫಿರೋಜಶಹಾ ಮೆಹತಾ ಅವರ ಸ್ಥಾನಕ್ಕೆ ಗೋಖಲೆಯವರು ವೈಸರಾಯರ ಶಾಸನಸಭೆಗೆ ಆಯ್ಕೆಯಾದರು. 1902ನೆಯ ಮಾರ್ಚ್ 26ರಂದು ಕಲಕತ್ತೆಯಲ್ಲಿ ಮುಂಗಡಪತ್ರದ ಮೇಲೆ ಅವರ ಮೊದಲ ಭಾಷಣ. ಲಾರ್ಡ್ ಕರ್ಜನ್ನರು ಅಧ್ಯಕ್ಷಪೀಠದಲ್ಲಿದ್ದರು; ಸರ್ ಎಡ್ವರ್ಡ್ ಲಾ ಹಣಕಾಸಿನ ಸದಸ್ಯರು. ಬೊಕ್ಕಸದಲ್ಲಿ ಕೋಟಿಗಟ್ಟಲೆ ಉಳಿತಾಯವಾಗಿದೆ, ಇದು ದೇಶದ ಏಳಿಗೆಯ ಗುರುತು ಎಂದು ಸರಕಾರ ಹೆಮ್ಮೆಪಡುತ್ತಿತ್ತು. ಬೇರೆ ಸದಸ್ಯರು ಅಭಿನಂದನೆ ಸಲ್ಲಿಸುತ್ತಿದ್ದರು. ಗೋಖಲೆಯವರು ಅಭಿನಂದಿಸಲು ಒಪ್ಪಲಿಲ್ಲ. ಎರಡು ಘೋರ ಬರಗಾಲಗಳು ಆಗಷ್ಟೇ ಕಳೆದಿದ್ದವು. ಜನ ಸಾಯುತ್ತಿರುವಾಗ ಬೊಕ್ಕಸ ತುಂಬಿದ್ದು ಹೇಗೆ?

ಅವರು ಕೊಟ್ಟ ಉತ್ತರವನ್ನು ನಾನು ಕಾಗದದ ಮೇಲೆ ಲೆಕ್ಕ ಮಾಡಿ ಅರ್ಥಮಾಡಿಕೊಂಡೆ. ಭಾರತ ಸರಕಾರವು ಪ್ರತಿ ವರ್ಷ ಇಂಗ್ಲೆಂಡಿಗೆ ಒಂದೂವರೆ ಕೋಟಿ ಪೌಂಡಿಗೂ ಮಿಕ್ಕಿದ ಹಣವನ್ನು ಬಡ್ಡಿ, ಪಿಂಚಣಿ, ಸೇನೆ ಮೊದಲಾದ ಬಾಬುಗಳಿಗೆ ಕಳಿಸಬೇಕಾಗಿತ್ತು. ರೂಪಾಯಿಯ ಬೆಲೆ ಕುಸಿದು 13 ಪೆನ್ಸಿನ ಹತ್ತಿರ ಬಂದಾಗ ಒಂದು ಪೌಂಡಿಗೆ ಸುಮಾರು ಹದಿನೆಂಟೂವರೆ ರೂಪಾಯಿ ತೆರಬೇಕು. ಆ ಕಷ್ಟಕಾಲಕ್ಕೆಂದೇ ಕರಗಳನ್ನು ಏರಿಸಿದ್ದರು. ಉಪ್ಪಿನ ಕರವನ್ನು 1888ರಲ್ಲಿ ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಹೆಚ್ಚಿಸಿದ್ದರು. 1893ರಲ್ಲಿ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿದ ಮೇಲೆ ರೂಪಾಯಿ ಏರುತ್ತ ಏರುತ್ತ 16 ಪೆನ್ಸಿಗೆ ಬಂದು ನಿಂತಿತು. ಈಗ ಪೌಂಡಿಗೆ 15 ರೂಪಾಯಿ ಸಾಕು. ಪೌಂಡಿಗೆ ಸುಮಾರು ಮೂರೂವರೆ ರೂಪಾಯಿ ಉಳಿಯಿತು. ಒಂದೂವರೆ ಕೋಟಿ ಪೌಂಡಿಗೆ ಐದು ಕೋಟಿ ರೂಪಾಯಿಗೂ ಹೆಚ್ಚು. ಕಷ್ಟ ಹೋಯಿತು, ಕಷ್ಟಕ್ಕಾಗಿ ಹಾಕಿದ ಕರ ಹೋಗಲಿಲ್ಲ. ಉಳಿತಾಯದ ಗುಟ್ಟು ಇಷ್ಟೆ. ಅದು ಏಳಿಗೆಯಲ್ಲ, ಬಡವನ ಗಂಜಿಯ ಉಪ್ಪಿನಿಂದ ಅಗತ್ಯಕ್ಕಿಂತ ಹೆಚ್ಚಾಗಿ ತೆಗೆದುಕೊಂಡ ಹಣ.

ಆ ದಿನ ಮತದಾನ ನಡೆಯಲಿಲ್ಲ, ನಡೆಯುವಂತಿರಲಿಲ್ಲ. ಮುಂಗಡಪತ್ರದ ಒಂದು ಅಂಕಿಯೂ ಬದಲಾಗಲಿಲ್ಲ. ಆದರೆ ಮರುವರ್ಷ, 1903ರಲ್ಲಿ, ಉಪ್ಪಿನ ಕರ ಎರಡೂವರೆಯಿಂದ 2 ರೂಪಾಯಿಗೆ ಇಳಿಯಿತು. ವರಮಾನ ಕರ ಬೀಳುವ ಮಿತಿ ವರ್ಷಕ್ಕೆ 500 ರೂಪಾಯಿ ಇದ್ದದ್ದು 1000ಕ್ಕೆ ಏರಿತು. ಇವೆರಡೂ ಗೋಖಲೆಯವರು ಕೇಳಿದ್ದವು. ಅವರು ಪ್ರತಿವರ್ಷವೂ ಬಿಡದೆ ಕೇಳಿದರು. 1905ರಲ್ಲಿ ಉಪ್ಪಿನ ಕರ ಒಂದೂವರೆ ರೂಪಾಯಿಯಾಯಿತು. 1907ರಲ್ಲಿ 1 ರೂಪಾಯಿ. ಕರ ಇಳಿದಂತೆ ಜನ ಉಪ್ಪು ಕೊಳ್ಳುವುದು ಹೆಚ್ಚಿತು. ಇದೆಲ್ಲವೂ ಅವರೊಬ್ಬರಿಂದಲೇ ಆಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಬೊಕ್ಕಸ ತುಂಬಿತ್ತು, ಕಾಂಗ್ರೆಸ್ಸೂ ಬಹುಕಾಲದಿಂದ ಕೇಳುತ್ತಿತ್ತು. ಆದರೂ ಸರಕಾರದ ಲೆಕ್ಕವನ್ನು ಸರಕಾರಕ್ಕಿಂತ ಚೆನ್ನಾಗಿ ಓದಿಕೊಂಡು ಬರುವ ಒಬ್ಬ ಮನುಷ್ಯ ಎದುರಿಗೆ ಕುಳಿತಿದ್ದಾನೆಂಬ ಅರಿವು ಅಧಿಕಾರಿಗಳಿಗೆ ಬಂದಿತ್ತು. ಆದಾಯವನ್ನು ಬೇಕೆಂದೇ ಕಡಿಮೆ ಅಂದಾಜು ಮಾಡಿ ವರ್ಷದ ಕೊನೆಗೆ ಉಳಿತಾಯ ತೋರಿಸುವುದು, ಆ ಉಳಿತಾಯವನ್ನು ರೈಲುಮಾರ್ಗಕ್ಕೆ ಸುರಿಯುವುದು, ಇವನ್ನು ಅವರು ಮತ್ತೆ ಮತ್ತೆ ಎತ್ತಿ ತೋರಿಸಿದರು. ಆ ಹಣ ಶಾಲೆಗೆ, ಊರಿನ ನೈರ್ಮಲ್ಯಕ್ಕೆ, ರೈತನ ಸಾಲದ ವಿಮೋಚನೆಗೆ ಹೋಗಬೇಕೆಂಬುದು ಅವರ ವಾದ.

1905ರಲ್ಲಿ ಅವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಕಾಶಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ಇವು ಎಲ್ಲರಿಗೂ ತಿಳಿದ ಸಂಗತಿಗಳು. ನನ್ನ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು ಅವರು ಲಂಡನ್ನಿಗೆ ಹೋಗಿ ಭಾರತ ಮಂತ್ರಿ ಮಾರ್ಲೆಯವರನ್ನು ಹಲವು ಸಲ ಕಂಡದ್ದು. 1909ರ ಕಾಯಿದೆಯಿಂದ ಶಾಸನಸಭೆ ಒಂದು ಹೆಜ್ಜೆ ಮುಂದೆ ಹೋಯಿತು. ಮುಂಗಡಪತ್ರವು ಅಂತಿಮವಾಗುವ ಮೊದಲೇ ಚರ್ಚೆಗೆ ಬರಬೇಕು, ಸದಸ್ಯರು ಠರಾವು ಮಂಡಿಸಬಹುದು, ಅದರ ಮೇಲೆ ಮತ ಕೇಳಬಹುದು ಎಂದಾಯಿತು. ಆದರೆ ಠರಾವು ಗೆದ್ದರೂ ಅದು ಶಿಫಾರಸು ಮಾತ್ರ. ಸೇನೆಯೇ ಮೊದಲಾದ ಬಾಬುಗಳನ್ನು ಮುಟ್ಟುವಂತಿಲ್ಲ. ಅಧಿಕಾರಿಗಳ ಬಹುಮತ ಹಾಗೆಯೇ ಉಳಿಯಿತು. ಈ ಭಾಗವನ್ನು ಓದಿದಾಗ ಗೋಖಲೆಯವರ ತಾಳ್ಮೆಯ ಬಗ್ಗೆ ನನಗೆ ಸಿಟ್ಟೂ ಬಂತೆಂಬುದನ್ನು ಮರೆಮಾಚಲಾರೆ. ಇಷ್ಟಕ್ಕೆ ಸಮಾಧಾನಪಡಬೇಕೇ? ತಿಲಕರು ಮಂಡಾಲೆಯ ಸೆರೆಯಲ್ಲಿದ್ದ ಕಾಲವದು. ಆದರೆ ಗೋಖಲೆಯವರು ಆ ಸಣ್ಣ ಕಿಂಡಿಯಲ್ಲಿಯೇ ಕೈಹಾಕಿದರು. 1910ರಲ್ಲಿ ನಾಟಾಲಕ್ಕೆ ಕರಾರು ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸುವ ಅವರ ಠರಾವನ್ನು ಸರಕಾರ ಒಪ್ಪಿಕೊಂಡಿತು. 1911ರ ಜನವರಿಯಲ್ಲಿ, ಸರಕಾರದ ಖರ್ಚು ಏಕೆ ಬೆಳೆಯುತ್ತಿದೆ ಎಂದು ವಿಚಾರಣೆ ನಡೆಸಬೇಕೆಂಬ ಠರಾವನ್ನು ತಂದರು.

ಅದೇ ವರ್ಷದ ಮಾರ್ಚ್ 16ರಂದು ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದೊಳಗಿನ ಗಂಡುಮಕ್ಕಳನ್ನು ಶಾಲೆಗೆ ಕಳಿಸುವುದು, ಸ್ಥಳೀಯ ಸಂಸ್ಥೆ ಒಪ್ಪಿದ ಊರುಗಳಲ್ಲಿ, ಕಡ್ಡಾಯವಾಗಬೇಕು. ಹೆಣ್ಣುಮಕ್ಕಳ ಸರದಿ ಆಮೇಲೆ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯವಿರುವ ತಂದೆಯಿಂದ ಫೀಜು ತೆಗೆದುಕೊಳ್ಳಬಾರದು. ಖರ್ಚಿನಲ್ಲಿ ಮೂರನೆಯ ಒಂದು ಪಾಲು ಸ್ಥಳೀಯ ಸಂಸ್ಥೆಯದು, ಎರಡು ಪಾಲು ಸರಕಾರದ್ದು. ಬಡೋದೆಯ ಮಹಾರಾಜರು 1906ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಇದನ್ನು ಜಾರಿಗೆ ತಂದಿದ್ದರು. ಹತ್ತು ವರ್ಷ ಉಪ್ಪು, ಸೇನೆ, ರೈಲು ಎಂದು ಅವರು ಮಾಡಿದ ಲೆಕ್ಕವೆಲ್ಲ ಬಂದು ನಿಂತದ್ದು ಈ ಎರಡು ಪಾಲಿನಲ್ಲಿ ಎಂದು ನಾನು ತಿಳಿಯುತ್ತೇನೆ.

1912ರ ಮಾರ್ಚ್ 18 ಮತ್ತು 19ರಂದು ಚರ್ಚೆ ನಡೆಯಿತು. ಹಣವಿಲ್ಲವೆಂದರು. ಜನರಿಗೆ ಬೇಡವೆಂದರು. ಪ್ರಾಂತಗಳ ಸರಕಾರಗಳು ವಿರೋಧವಾಗಿವೆಯೆಂದರು. ಕೆಲವು ಜಮೀನುದಾರ ಸದಸ್ಯರೂ ಅವರೊಡನೆ ಸೇರಿದರು. ಮಸೂದೆಯನ್ನು ಸಮಿತಿಗೆ ಒಪ್ಪಿಸಿ ಪರಿಶೀಲಿಸಿ ಎಂಬಷ್ಟೇ ಪ್ರಾರ್ಥನೆಗೆ ಪರವಾಗಿ 13, ವಿರೋಧವಾಗಿ 38 ಮತಗಳು ಬಂದವು. ಸೋಲುತ್ತೇವೆಂದು ಗೋಖಲೆಯವರಿಗೆ ಮೊದಲೇ ತಿಳಿದಿತ್ತು.

ಕಾಗಲದಿಂದ ಹಿಂತಿರುಗುವ ಬಸ್ಸಿನಲ್ಲಿ ಕುಳಿತು ನಾನು ಈ 13 ಮತ್ತು 38ರ ಬಗ್ಗೆ ಬಹಳ ಯೋಚಿಸಿದ್ದೇನೆ. ನನ್ನ ಮುತ್ತಜ್ಜ ಆಗ ಕೂಸು. ನಮ್ಮ ಊರು ಮುಂಬಯಿ ಇಲಾಖೆಗೆ ಸೇರಿದ್ದು. ಅವನಿಗೆ ಆರು ವರ್ಷ ತುಂಬುವ ಹೊತ್ತಿಗೆ ಆ ಮಸೂದೆ ಕಾಯಿದೆಯಾಗಿ ನಮ್ಮ ಊರಿಗೆ ಬಂದಿದ್ದರೆ? ಅವನು ಹೆಬ್ಬೆಟ್ಟಿನವನಾಗಿಯೇ ತೀರಿಕೊಂಡ, ಅಜ್ಜನೂ ಹಾಗೆಯೇ. ಅಪ್ಪ ನಾಲ್ಕನೆಯ ತರಗತಿಯವರೆಗೆ ಹೋಗಿ ತಂಬಾಕಿನ ಹೊಲಕ್ಕೆ ಇಳಿದ. ಬಾಬು, ಮಂಜೂರಾತಿ, ಮುಂಗಡಪತ್ರ ಎಂಬ ಈ ಒಣ ಮಾತುಗಳು ನಮ್ಮ ಮನೆಗೆ ಸಂಬಂಧಪಟ್ಟವೆಂದು ನನಗೆ ಮೊದಲ ಸಲ ತೋರಿದ್ದು ಆಗ.

ಈಗ ನಮ್ಮ ಸಂವಿಧಾನದಲ್ಲಿ ಗೋಖಲೆಯವರು ಬೇಡಿದ್ದೆಲ್ಲವೂ, ಬೇಡಲು ಧೈರ್ಯ ಮಾಡದಿದ್ದದ್ದೂ ಇದೆ. ಲೋಕಸಭೆಯ ಒಪ್ಪಿಗೆಯಿಲ್ಲದೆ ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ. ಪ್ರತಿ ಇಲಾಖೆಯ ಬೇಡಿಕೆಯೂ ಮತಕ್ಕೆ ಬರಬೇಕು; ಕಡಿತದ ಸೂಚನೆ ತರಬಹುದು; 1993ರಿಂದ ಇಲಾಖೆಗಳಿಗೆ ಸ್ಥಾಯೀ ಸಮಿತಿಗಳಿವೆ. ಆದರೆ ಬಹುಪಾಲು ಬೇಡಿಕೆಗಳು ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೆ ಮಂಜೂರಾಗುವ ರೂಢಿಯೂ ಬೆಳೆದಿದೆ. 2018ರ ಮಾರ್ಚಿನಲ್ಲಿ ಎಲ್ಲ ಬೇಡಿಕೆಗಳೂ ಹಾಗೆಯೇ ಒಂದೇ ದಿನ ಮಂಜೂರಾದವು. ಮತವಿಲ್ಲದ ಕಾಲದಲ್ಲಿ ಒಬ್ಬ ಮಾಸ್ತರರು ವರ್ಷವಿಡೀ ಸಿದ್ಧತೆ ಮಾಡಿಕೊಂಡು ಬರುತ್ತಿದ್ದ ಚರ್ಚೆ, ಮತವಿರುವ ಕಾಲದಲ್ಲಿ ನಡೆಯಲೇ ಇಲ್ಲ. ನಮ್ಮ ತರಗತಿಯಲ್ಲಿ ಈ ವಿಷಯ ಬಂದಾಗ ಎಲ್ಲರೂ ನಕ್ಕರು. ಗುರುಗಳು ನಗಲಿಲ್ಲ.

ಗೋಖಲೆಯವರ ಕೊನೆಯ ವರ್ಷಗಳು ದಣಿವಿನವು. ಸಕ್ಕರೆಯ ರೋಗ ಅವರನ್ನು ಹಣ್ಣುಮಾಡಿತ್ತು. ಆ ಸ್ಥಿತಿಯಲ್ಲಿಯೇ 1912ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ ಗಾಂಧೀಜಿಯವರೊಡನೆ ತಿರುಗಾಡಿ ಬಂದರು. 1914ರಲ್ಲಿ ಸರಕಾರ ಕೊಡಬಂದ ಸರ್ ಪದವಿಯನ್ನು ಬೇಡವೆಂದರು. 1915ನೆಯ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡರು. ಅವರಿಗೆ ಇನ್ನೂ ನಲವತ್ತೊಂಬತ್ತು ತುಂಬಿರಲಿಲ್ಲ. ನಮ್ಮ ನಾಡಿನಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆಯವರ ಜೀವನವನ್ನು ಕನ್ನಡದಲ್ಲಿ ಬರೆದು, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಸಾರ್ವಜನಿಕ ವಿಚಾರಗಳ ಒಂದು ಸಂಸ್ಥೆಯನ್ನು ಕಟ್ಟಿದರು.

ಅವರ ಮಸೂದೆ ಬಿದ್ದ ಆರು ವರ್ಷಗಳಿಗೆ, 1918ರಲ್ಲಿ, ವಿಠ್ಠಲಭಾಯಿ ಪಟೇಲರು ಮುಂಬಯಿ ಇಲಾಖೆಯಲ್ಲಿ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣದ ಅಧಿಕಾರ ಕೊಡುವ ಕಾಯಿದೆಯನ್ನು ಮಾಡಿಸಿದರು. ಹಳ್ಳಿಗಳು ಅದರಲ್ಲಿರಲಿಲ್ಲ. 1919ರ ಕಾಯಿದೆಯಂತೆ 1921ರಲ್ಲಿ ಕೂಡಿದ ಕೇಂದ್ರ ಶಾಸನಸಭೆಯಲ್ಲಿ ಖರ್ಚಿನ ಕೆಲವು ಬಾಬುಗಳು ಮೊದಲ ಸಲ ಸದಸ್ಯರ ಮತಕ್ಕೆ ಬಂದವು. ಲೆಕ್ಕಪತ್ರ ಸಮಿತಿಯೂ ಆಗಲೇ ಹುಟ್ಟಿತು. ಸೇನೆಯ ಖರ್ಚು ಮಾತ್ರ ಆಂಗ್ಲರು ಹೋಗುವವರೆಗೂ ಮತಕ್ಕೆ ಬರಲಿಲ್ಲ.